ಬೋರಲಿಟ್ಟ ತಟ್ಟೆ

ತಾಶ್-ಅರಿಕ್
೧೮ ಸೆಪ್ಟೆಂಬರ್ ೧೯೮೮, ಭಾನುವಾರ

ಪ್ರೀತಿಯ ತಮ್ಮ ಕೊರ್ನಿಗೆ,

ಅಮ್ಮನ ಮಂಡಿನೋವು ಒಂದು ಬಿಟ್ಟರೆ ನಾವಿಬ್ಬರೂ ಚೆನ್ನಾಗಿದ್ದೇವೆ. ಆಲೂಗಡ್ಡೆ ಅಗೆದು ನೆಲಮಾಳಿಗೆಗೆ ಹಾಕಿ ಆಯಿತು. ಕೊಲ್ಖೋಜಿನ ಸಾಮೂಹಿಕ ಕೊಟ್ಟಿಗೆಯಲ್ಲಿ ಈ ವರ್ಷ ನನ್ನ ಪಾಲಿಗೆ ಹದಿನಾಲ್ಕು ಹಸು, ಅದರಲ್ಲಿ ಮೂರು ಒದೆಯುವಂಥವು. ಒದೆಯುವ ಹಸುವನ್ನೆಲ್ಲ ಮೇಲ್ವಿಚಾರಕ ನನಗೇ ಕಟ್ಟುತ್ತಾನೆ. ಕೇಳಿದರೆ, "ನಿಮ್ ಜನ ತಿರುಗಿಸಿ ಒದೆಯಲ್ವಲ್ಲ ನೇಟಾ, ಅದಕ್ಕೆ" ಅಂತ ಹಲ್ಲು ಕಿರಿಯುತ್ತಾನೆ.

ಇದು ಪೀಠಿಕೆ. ಬರೆಯಬೇಕಾದ್ದು ಬೇರೆ ಇದೆ. ಗುರುವಾರ ಸಂಜೆ ಹಾಲು ಕರೆದು ಮನೆಗೆ ಬಂದರೆ ನಮ್ಮ ಗೇಟಿನ ಮುಂದೆ ಎಸೆನ್‌ಬೆಕ್ ನಿಂತಿದ್ದ. ಪೊಲೀಸ್ ಎಸೆನ್‌ಬೆಕ್. ಸಮವಸ್ತ್ರ ಬಿಟ್ಟು ಆರು ವರ್ಷವಾಯಿತು; ಈಗ ಬಿಳಿ ಕಂಬಳಿಯ ಟೋಪಿ, ಕೈಯಲ್ಲಿ ಕೋಲು. ಹದಿನೇಳು ವರ್ಷದಿಂದ ಅವನು ನಮ್ಮ ಬೀದಿಗೆ ಕಾಲಿಟ್ಟಿರಲಿಲ್ಲ. ಅಂಗಡಿಯಲ್ಲಿ ನಾನು ಎದುರಾದರೆ ಗೋಡೆ ನೋಡುತ್ತಿದ್ದ.

"ಅಮ್ಮ ಮನೇಲಿದಾರಾ, ಮಗಳೇ?"

"ಇದಾರೆ. ಈ ಸಲ ಯಾರನ್ನ ಹಿಡ್ಕೊಂಡು ಹೋಗೋಕೆ ಬಂದ್ರಿ?" ಅಂದೆ.

"ಜೋರಾಗಿ ಹೇಳು. ಒಂದು ಕಿವಿ ಕೇಳಲ್ಲ."

ಮತ್ತೆ ಹೇಳುವ ಧೈರ್ಯ ಬರಲಿಲ್ಲ. ಒಳಗೆ ಕರೆದೆ.

ಕೊರ್ನಿ, ಆ ಸಂಜೆಯ ಬಗ್ಗೆ ನಾವು ಮೂವರೂ ಒಂದು ದಿನವೂ ಬಾಯಿಬಿಟ್ಟು ಮಾತಾಡಿಲ್ಲ. ಇವತ್ತು ಬರೆದೇ ಬಿಡುತ್ತೇನೆ. ಎಪ್ಪತ್ತೊಂದರ ಕ್ರಿಸ್ಮಸ್‌ನ ಹಿಂದಿನ ದಿನ. ಕಿಟಕಿಗಳಿಗೆಲ್ಲ ಕಂಬಳಿ ಹೊದಿಸಿ, ಮುಂದಿನ ಕೋಣೆಯಲ್ಲಿ ನಲವತ್ತು ಜನ ಪಿಸುದನಿಯಲ್ಲಿ ಹಾಡುತ್ತಿದ್ದೆವು. ಮೇಜಿನ ಮೇಲೆ ಮಕ್ಕಳ ತಟ್ಟೆಗಳಲ್ಲಿ ಮೆಣಸಿನ ಬಿಸ್ಕತ್ತು. ಅಪ್ಪ ಬೋಧನೆಗೆ ಎದ್ದು ನಿಂತಿದ್ದರು. ಎಸೆನ್‌ಬೆಕ್ ಇಬ್ಬರನ್ನು ಕಟ್ಟಿಕೊಂಡು ನುಗ್ಗಿದ, ಮೇಜು ಉರುಳಿತು, ದೀಪ ಬಿದ್ದು ಆರಿತು. ಟಾರ್ಚು ಹಾಕಿದಾಗ ಎಸೆನ್‌ಬೆಕ್ ಕಿವಿ ಹಿಡಿದು ನೆಲದ ಮೇಲಿದ್ದ. ಒಲೆ ಕೆದಕುವ ಸಲಾಕೆ ಅಪ್ಪನ ಕೈಯಲ್ಲಿತ್ತು. "ಹೊಡೆದೋನು ನಾನು" ಅಂದರು ಅಪ್ಪ.

ಬರೀ ಅನುಮತಿಯಿಲ್ಲದ ಪ್ರಾರ್ಥನಾ ಕೂಟ ನಡೆಸಿದ್ದಕ್ಕಾದರೆ ಹದಿನೈದು ದಿನ ಕೂರಿಸಿ ಬಿಡುತ್ತಿದ್ದರು. ಪೊಲೀಸರ ಮೇಲೆ ಕೈ ಮಾಡಿದ್ದಕ್ಕೆ ಐದು ವರ್ಷ ಬಿತ್ತು. ಕೈದಿಗಳ ಶಿಬಿರದಲ್ಲಿ ಎರಡನೆಯ ಚಳಿಗಾಲ ದಾಟಲಿಲ್ಲ ಅವರು. ಅದಕ್ಕಿಂತ ಮೊದಲೇ ನಮ್ಮ ಸಭೆ ಅವರನ್ನು ಸಾಯಿಸಿತ್ತು. ಕೈ ಎತ್ತುವುದಿಲ್ಲ ಅನ್ನುವ ಒಂದೇ ಮಾತಿಗಾಗಿ ನಾನೂರು ವರ್ಷ ದೇಶದಿಂದ ದೇಶಕ್ಕೆ ಓಡಿದ ಜನ ನಾವು, ನಮ್ಮ ಬೋಧಕನೇ ಕೈ ಎತ್ತಿದರೆ? ಐಸಾಕ್ ಹಿರಿಯರು ಎದ್ದು ನಿಂತು, ಅಬ್ರಾಮ್ ಡೂಕ್ ಇನ್ನು ಕರ್ತನ ಭೋಜನಕ್ಕೆ ಸೇರಿದವನಲ್ಲ ಎಂದು ಓದಿದರು. ಅಮ್ಮ ಅವತ್ತು ಹೋಗಿ ಕೂತ ಹಿಂದಿನ ಬೆಂಚಿನಲ್ಲೇ ಇವತ್ತಿಗೂ ಕೂರುತ್ತಾರೆ.

ಈಗ ಕೇಳು. ಎಸೆನ್‌ಬೆಕ್ ಚಹಾ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ಹೇಳಿದ: "ಜಿಲ್ಲೆಯವರು ಹಳೇ ಕೇಸುಗಳನ್ನ ತಿರುಗಿ ನೋಡ್ತಿದಾರೆ ಅಕ್ಕಾ. ನಿನ್ ಗಂಡ ನನ್ನ ಹೊಡೀಲಿಲ್ಲ. ಸಾಯೋದ್ರೊಳಗೆ ಅದನ್ನ ಬರೆದು ಸಹಿ ಹಾಕಿ ಹೋಗ್ತೀನಿ."

"ಮತ್ತೆ ಹೊಡೆದಿದ್ದು ಯಾರು?" ಅಂತ ಕಿರುಚಿದೆ ನಾನು.

"ದೀಪ ಬಿದ್ದಿತ್ತಲ್ಲ ಮಗಳೇ. ಕತ್ತಲೆ" ಅಂದ.

ಅಮ್ಮ ಸೆರಗಂಚಿನ ಹಾಗೆ ಏಪ್ರನ್ನನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದರು. ಆಮೇಲೆ ಏನಂದರು ಗೊತ್ತೇ? "ಕ್ರಿಸ್ಮಸ್ ಹಿಂದಿನ ದಿನ ಊಟಕ್ಕೆ ಬಾ, ಎಸೆನ್‌ಬೆಕ್. ಹೋದ ಸಲ ತಿನ್ನದೆ ಹೋದೆ." ನನ್ನ ಕೈಯಲ್ಲಿದ್ದ ಹಾಲಿನ ಪಾತ್ರೆ ಬೀಳದೆ ಇದ್ದದ್ದೇ ಹೆಚ್ಚು.

ಅಪ್ಪನ ಹೆಸರು ತೊಳೆದುಹೋಗುತ್ತದೆ ಅಂತ ಕುಣಿಯುವಷ್ಟು ಸಂತೋಷ. ಆ ಮನುಷ್ಯನ ಮುಂದೆ ತಟ್ಟೆ ಇಡಬೇಕಲ್ಲ ಅಂತ ಮೈಯೆಲ್ಲ ಉರಿ. ನೀನು ಅಲ್ಲಿ ಭಜನೆಯ ಗುಂಪು ನಡೆಸುವವನು, ತಿಳಿದವನು. ಏನು ಮಾಡಲಿ ಹೇಳು.

ನಿನ್ನ ಅಕ್ಕ,
ನೇಟಾ


ಕರಗಂಡ
೨ ಅಕ್ಟೋಬರ್ ೧೯೮೮

ಅಕ್ಕ,

ಪತ್ರ ತಲುಪಿತು. ಅವನನ್ನು ಗೇಟಿನೊಳಗೆ ಬಿಡಬೇಡ. ಅವನು ತಂದ ಯಾವ ಕಾಗದಕ್ಕೂ ಅಮ್ಮ ಸಹಿ ಹಾಕಕೂಡದು. ಇವತ್ತು ಗಾಳಿ ಈ ಕಡೆ ಬೀಸುತ್ತಿದೆ, ಅದಕ್ಕೆ ಇವನು ಒಳ್ಳೆಯವನಾಗಲು ಹೊರಟಿದ್ದಾನೆ. ನಾಳೆ ತಿರುಗಿ ಬೀಸಿದರೆ ನಮ್ಮ ಮನೆಯೇ ಮೊದಲು.

ಅಪ್ಪ ತಾವೇ ಹೊಡೆದದ್ದು ಅಂತ ಎಲ್ಲರ ಮುಂದೆ ಹೇಳಿದರು. ಕೋರ್ಟಿನಲ್ಲೂ ಹೇಳಿದರು. ಸತ್ತವರ ಮಾತನ್ನು ತಿದ್ದುವುದು ನಮ್ಮ ಕೆಲಸವಲ್ಲ. ಐಸಾಕ್ ಹಿರಿಯರ ತನಕ ಇದನ್ನು ಒಯ್ಯಬೇಡ, ಅವರಿಗೂ ವಯಸ್ಸಾಯಿತು.

ಅಮ್ಮನ ಪ್ರೀತಿ ದೊಡ್ಡದು, ಒಪ್ಪುತ್ತೇನೆ. ವೈರಿಯನ್ನು ಪ್ರೀತಿಸಬೇಕು ಅಂದರೆ ಅವನನ್ನು ಕರೆದು ಮೇಜಿಗೆ ಕೂರಿಸಬೇಕು ಅಂತಲೇ ಅರ್ಥವಲ್ಲ. ಮನಸ್ಸಿನಲ್ಲಿ ಕ್ಷಮಿಸಿದರೆ ಸಾಕು.

ಗಣಿಯ ದೀಪದ ಕೋಣೆಯಲ್ಲಿ ಎರಡು ಪಾಳಿ ಮಾಡುತ್ತಿದ್ದೇನೆ. ಸಂಜೆ ಕ್ರಿಸ್ಮಸ್ ಹಾಡುಗಳ ಅಭ್ಯಾಸ, ಮೂವತ್ತೆರಡು ಜನ. ಈ ವರ್ಷ ಊರಿಗೆ ಬರಲು ಆಗುವುದಿಲ್ಲ.

ಕೊರ್ನೆಲಿಯುಸ್


ತಾಶ್-ಅರಿಕ್
೧೬ ಅಕ್ಟೋಬರ್ ೧೯೮೮

ಕೊರ್ನಿ,

ಈ ವರ್ಷ ಬರಲು ಆಗುವುದಿಲ್ಲವಂತೆ! ಯಾವ ವರ್ಷ ಬಂದಿದ್ದೆ ಮಹಾರಾಯ? ಹದಿನಾರು ಕ್ರಿಸ್ಮಸ್ ಆಯಿತು. ಅಮ್ಮ ಪ್ರತಿ ವರ್ಷ ನಿನ್ನ ತಟ್ಟೆ ತೆಗೆದು, ಒರೆಸಿ, ಮೇಜಿನ ಮೇಲೆ ಬೋರಲು ಹಾಕುತ್ತಾರೆ. ಮನೆಯಲ್ಲಿಲ್ಲದವರ ತಟ್ಟೆ ಹಾಗಿಡುವುದು ನಮ್ಮಲ್ಲಿ ಇದ್ದದ್ದೇ. ಆದರೆ ಅಪ್ಪನ ತಟ್ಟೆಯನ್ನೂ ಅದರ ಪಕ್ಕ ಬೋರಲು ಇಡುತ್ತಾರೆ. ಸತ್ತವರಿಗೆ ಯಾರೂ ತಟ್ಟೆ ಇಡುವುದಿಲ್ಲ ಅಮ್ಮಾ ಅಂದರೆ, "ಅದು ನನ್ ಮೇಜು" ಅನ್ನುತ್ತಾರೆ.

ನಿನ್ನ ಮಾತು ಮೀರಿದೆ. ಐಸಾಕ್ ಹಿರಿಯರ ಹತ್ತಿರ ಹೋದೆ. ಎಪ್ಪತ್ತೆಂಟು ವರ್ಷದ ಮನುಷ್ಯ ಹೇಳಿದ್ದನ್ನು ಕೇಳಿ ಅಂಗಳದ ಕಟ್ಟಿಗೆಯ ರಾಶಿಯ ಮೇಲೆಯೇ ಕುಸಿದು ಕೂತರು. "ಅಬ್ರಾಮ ಹೊಡೀಲಿಲ್ವಾ? ನಾನು ಓದಿದ್ನಲ್ಲ ನೇಟಾ. ಈ ಬಾಯಲ್ಲೇ ಓದಿದ್ನಲ್ಲ" ಅಂತ ಹೇಳಿದ್ದನ್ನೇ ಹೇಳಿದರು. ನನ್ನ ಮುಖ ನೋಡಲು ಅವರಿಗೆ ಆಗಲಿಲ್ಲ. ಕಾರಣ ನಿನಗೆ ಗೊತ್ತು. ಅವರ ಮಗ ಪೇಟರ್‌ಗೂ ನನಗೂ ಆ ವಸಂತದಲ್ಲಿ ಮದುವೆ ಇತ್ತು. ಬಹಿಷ್ಕಾರ ಬಿದ್ದವನ ಮಗಳನ್ನು ತರುವುದಿಲ್ಲ ಅಂತ ಅವರ ಮನೆಯಲ್ಲಿ ಹೇಳಿದರು. ಪೇಟರ್ ಎರಡು ದಿನ ಗೇಟಿನ ತನಕ ಬಂದು ಹೋದ, ಮೂರನೆಯ ದಿನ ಬರಲಿಲ್ಲ. ಮದುವೆಯ ಬಟ್ಟೆಯಲ್ಲಿ ಅಡುಗೆಮನೆಗೆ ಪರದೆ ಹೊಲಿದೆ. ಇವತ್ತಿಗೂ ಅದೇ ತೂಗುತ್ತಿದೆ, ಗಟ್ಟಿ ಬಟ್ಟೆ.

ಇದನ್ನು ಅಳುತ್ತ ಬರೆಯುತ್ತಿಲ್ಲ. ನಾಲ್ಕು ಸಾಲು ಬರೆದರೆ ಇದೆಲ್ಲ ಸರಿಹೋಗುವುದಿಲ್ಲ ಅಂತಲೂ ಗೊತ್ತು. ಅಪ್ಪನ ಹೆಸರಾದರೂ ಸರಿಹೋಗಲಿ. ಹಿರಿಯರು ಹೇಳಿದ್ದು ಇಷ್ಟು: ಎಸೆನ್‌ಬೆಕ್ ಸಭೆಯ ಹೊರಗಿನವನು, ಅವನ ಮಾತೊಂದೇ ಸಾಲದು. ಅವತ್ತು ಕೋಣೆಯಲ್ಲಿದ್ದ ನಮ್ಮವರೊಬ್ಬರು ಸಾಕ್ಷಿ ಹೇಳಬೇಕು. ಹಾಗಾದರೆ ಕ್ರಿಸ್ಮಸ್ ದಿನವೇ ಅಪ್ಪನ ಹೆಸರನ್ನು ಮತ್ತೆ ಓದುತ್ತಾರೆ.

ಒಲೆಗೆ ಕಟ್ಟಿಗೆ ಹಾಕುವ ಕೆಲಸ ನಿನ್ನದಾಗಿತ್ತು. ನೀನು ಒಲೆಯ ಪಕ್ಕದಲ್ಲೇ ಇದ್ದೆ. ಸಲಾಕೆ ಯಾರು ಎತ್ತಿದರು ಅಂತ ನೋಡಿರಲೇಬೇಕು. ಹೊಡೆದವರ ಹೆಸರು ಬೇಡ, ಅವರು ಬದುಕಿದ್ದರೆ ದೇವರೇ ನೋಡಿಕೊಳ್ಳಲಿ. ಅಪ್ಪ ಅಲ್ಲ ಅಂತ ಒಂದು ಸಾಲು ಬರೆದು ಕಳಿಸು.

ಇನ್ನೊಂದು ಮಾತು. ಕ್ರಿಸ್ಮಸ್‌ನ ವಾರ ಹಿರಿಯರು ಮನೆಮನೆಗೆ ಬಂದು ಕೇಳುವುದು ನಿನಗೆ ನೆನಪಿರಬೇಕು, "ದೇವರ ಜೊತೆಗೂ ಮನುಷ್ಯರ ಜೊತೆಗೂ ಸಮಾಧಾನವಾಗಿದ್ದೀರಾ?" ಅಂತ. ಅಮ್ಮ ಹದಿನೇಳು ವರ್ಷದಿಂದಲೂ "ಇಲ್ಲ" ಅನ್ನುತ್ತಿದ್ದಾರೆ, ಕರ್ತನ ಭೋಜನದ ರೊಟ್ಟಿ ಮುಟ್ಟಿಲ್ಲ. ಎಸೆನ್‌ಬೆಕ್‌ನ ಮೇಲಿನ ಸಿಟ್ಟು ಹೋಗಿಲ್ಲ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಈ ವರ್ಷ ಅವನನ್ನೇ ಊಟಕ್ಕೆ ಕರೆದಿದ್ದಾರೆ. ನೀನು ಬಂದರೆ ಅವರ ಜೀವಕ್ಕೆ ಎಷ್ಟೋ ಹಿತ.

ನಿನ್ನ ಅಕ್ಕ,
ನೇಟಾ


ತಾಶ್-ಅರಿಕ್
೧೩ ನವೆಂಬರ್ ೧೯೮೮

ಕೊರ್ನಿ,

ನಾಲ್ಕು ವಾರವಾಯಿತು. ಅಂಚೆಯವಳು ನನ್ನನ್ನು ದೂರದಿಂದ ಕಂಡೊಡನೆ ತಲೆ ಅಲ್ಲಾಡಿಸಿಬಿಡುತ್ತಾಳೆ.

ಎಸೆನ್‌ಬೆಕ್ ಪ್ರತಿ ಸೋಮವಾರ ಬರುತ್ತಾನೆ. ಹೆಂಡತಿ ಹೋದಮೇಲೆ ಸೊಸೆಯ ಮನೆಯಲ್ಲಿ ಹೊತ್ತು ಹೋಗುವುದಿಲ್ಲವಂತೆ. ಅಮ್ಮನೂ ಅವನೂ ಸೇರಿ ಒಣಗಿಸಲು ಸೇಬು ಹೆಚ್ಚುತ್ತಾರೆ. "ಏನ್ ದಪ್ಪ ಸಿಪ್ಪೆ ತೆಗೀತೀಯಪ್ಪಾ, ಸರ್ಕಾರಿ ಕೈ" ಅಂತ ಅಮ್ಮ ಬೈದರೆ, ಕೇಳುವ ಕಿವಿಯನ್ನೂ ಮುಚ್ಚಿಕೊಂಡು ನಗುತ್ತಾನೆ. ನಾನು ಮೊದಮೊದಲು ಎದ್ದು ಹೊರಗೆ ಹೋಗುತ್ತಿದ್ದೆ. ಈಗ ಒಳಗೇ ಇರುತ್ತೇನೆ, ಮಾತಾಡುವುದಿಲ್ಲ.

ಹೋದ ಸೋಮವಾರ ಹೊರಡುವಾಗ ಗೇಟಿನ ಹತ್ತಿರ ನಿಂತು ಕೇಳಿದ: "ನಿನ್ ತಮ್ಮ ಹೇಗಿದಾನೆ ಮಗಳೇ? ಮದುವೆ ಮಕ್ಕಳು ಆಯ್ತಾ?"

"ಇಲ್ಲ. ನಮ್ಮಿಬ್ಬರಿಗೂ ಆಗಲಿಲ್ಲ" ಅಂದೆ.

ಅವನು ಗೇಟಿನ ಚಿಲಕ ತೆಗೆದ. "ಬಂದ್ರೆ ನಾನು ಕೇಳ್ದೆ ಅಂತ ಹೇಳು" ಅಂತ ಹೇಳಿ ಹೋದ.

ಒಂದು ಸಾಲು ಬರೆಯಲು ಇಷ್ಟು ದಿನ ಬೇಕೇ, ತಮ್ಮಾ?

ನೇಟಾ


ಕರಗಂಡ
೨೦ ನವೆಂಬರ್ ೧೯೮೮

ಅಕ್ಕ,

ನೀನು ಕೇಳಿದ ಒಂದು ಸಾಲು ಇಲ್ಲಿದೆ. ಎಸೆನ್‌ಬೆಕ್‌ನನ್ನು ಹೊಡೆದವನು ನಾನು.

ಉಳಿದದ್ದನ್ನೂ ಹೇಳಿಬಿಡುತ್ತೇನೆ. ಅವನ ಜೊತೆಗಿದ್ದವನು ಅಪ್ಪನ ಕತ್ತಿನ ಪಟ್ಟಿ ಹಿಡಿದು ಎಳೆದ. ಸಲಾಕೆಯ ತುದಿ ಒಲೆಯೊಳಗಿತ್ತು, ಹಿಡಿಯೂ ಕಾದಿತ್ತು. ಹೇಗೆ ಕೈಗೆ ಬಂತೋ ತಿಳಿಯದು. ಬೀಸಿದೆ. ಎಳೆದವನಿಗೆ ತಾಕಲಿಲ್ಲ, ಅಡ್ಡ ಬಂದ ಎಸೆನ್‌ಬೆಕ್‌ಗೆ ತಾಕಿತು. ಅಷ್ಟರಲ್ಲಿ ದೀಪ ಆರಿತು. ಕತ್ತಲಲ್ಲಿ ಯಾರೋ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸಲಾಕೆ ತೆಗೆದುಕೊಂಡರು. ಅಪ್ಪನ ಕೈ ಅಂತ ಮುಟ್ಟಿದಾಗಲೇ ತಿಳಿಯಿತು. ಕಿವಿಯ ಹತ್ತಿರ "ಸುಮ್ನಿರು ಮಗನೇ" ಅಂದರು. ನಾನು ಸುಮ್ಮನಿದ್ದೆ. ಆವತ್ತು ಸುಮ್ಮನಿದ್ದವನು ಇವತ್ತಿನ ತನಕ ಸುಮ್ಮನಿದ್ದೆ.

ಮರುದಿನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಒಲೆಯ ಬಾಗಿಲು ತಾಕಿತು ಅಂತ ಅಮ್ಮನಿಗೆ ಹೇಳಿದೆ. ಅವರು ಬಾತುಕೋಳಿಯ ಕೊಬ್ಬು ಹಚ್ಚಿ ಬಟ್ಟೆ ಕಟ್ಟಿದರು.

ಐಸಾಕ್ ಹಿರಿಯರು ಅಪ್ಪನ ಹೆಸರು ಓದಿದ ದಿನ ನಾನು ಗಂಡಸರ ಬೆಂಚಿನಲ್ಲಿ ಮೂರನೆಯವನಾಗಿ ಕೂತಿದ್ದೆ. ಏಳಬೇಕು ಅಂದುಕೊಂಡೆ. ಮುಂದಿನ ವಾರ ಏಳುತ್ತೇನೆ ಅಂದುಕೊಂಡೆ. ಆಮೇಲೆ ಪೇಟರ್ ಬರುವುದು ನಿಂತಿತು. ನೀನು ಆ ಬಟ್ಟೆಯನ್ನು ಪರದೆಗೆ ಕತ್ತರಿಸುತ್ತಿದ್ದೆ. ಕತ್ತರಿಯ ಸದ್ದು ಕೇಳಲಾರದೆ ಅಂಗಳಕ್ಕೆ ಹೋದೆ. ಆ ವಾರವೇ ಕರಗಂಡಕ್ಕೆ ರೈಲು ಹತ್ತಿದೆ.

ಇಲ್ಲಿ ಹಿರಿಯರು ಪ್ರತಿ ಕ್ರಿಸ್ಮಸ್‌ಗೆ ಅದೇ ಪ್ರಶ್ನೆ ಕೇಳುತ್ತಾರೆ. ಪ್ರತಿ ಸಲವೂ "ಹೌದು" ಅಂದಿದ್ದೇನೆ, ರೊಟ್ಟಿ ತಿಂದಿದ್ದೇನೆ. ಎಸೆನ್‌ಬೆಕ್‌ನನ್ನು ಕ್ಷಮಿಸಿದ್ದೇನೆ ಅಂತ ಒಮ್ಮೆ ಎಲ್ಲರ ಮುಂದೆ ಸಾಕ್ಷಿಯನ್ನೂ ಹೇಳಿದೆ. ಹೆಂಗಸರು ಕಣ್ಣೊರೆಸಿಕೊಂಡರು. ಅವನನ್ನು ವೈರಿ ಅಂತ ಇಟ್ಟುಕೊಂಡಿದ್ದರಿಂದಲೇ ನಾನು ಬದುಕಿದ್ದೆ. ಅವನು ಕೆಟ್ಟವನಾಗಿ ಉಳಿದರೆ ಮಾತ್ರ ನಾನು ಬಚಾವು.

ರಜೆ ಕೇಳಿದ್ದೇನೆ. ಭಜನೆಯ ಗುಂಪನ್ನು ನಿನ್ನೆ ಬೇರೆಯವರಿಗೆ ಒಪ್ಪಿಸಿದೆ. ಬಂದು ಸಭೆಯ ಮುಂದೆ ನಿಲ್ಲುತ್ತೇನೆ. ನಿನ್ನ ಮುಂದೆ ಹೇಗೆ ನಿಲ್ಲುವುದು ಅಂತ ಗೊತ್ತಿಲ್ಲ.

ಕೊರ್ನಿ


ತಾಶ್-ಅರಿಕ್
೪ ಡಿಸೆಂಬರ್ ೧೯೮೮

ಕೊರ್ನೆಲಿಯುಸ್,

ನಿನ್ನ ಪತ್ರವನ್ನು ಕೊಟ್ಟಿಗೆಯಲ್ಲಿ ಓದಿದೆ. ಓದಿ ಮುಗಿಸಿ ಹದಿನಾಲ್ಕು ಹಸುವನ್ನೂ ಕರೆದೆ. ಒದೆಯುವ ಕೆಂಪಿ ಕೂಡ ಅವತ್ತು ಕಾಲು ಎತ್ತಲಿಲ್ಲ.

ಅಪ್ಪ ನಿನಗೋಸ್ಕರ ಹೋದರು, ಅದು ಅವರ ಇಷ್ಟ. ನನ್ನನ್ನು ಯಾರು ಕೇಳಿದರು? ಆಗ ನನಗೆ ಇಪ್ಪತ್ನಾಲ್ಕು ವರ್ಷ. ನೀನು ಒಂದು ಸಲ ಎದ್ದು ನಿಂತಿದ್ದರೆ ಸಾಕಿತ್ತು. ಪೇಟರ್ ಇವತ್ತು ಜರ್ಮನಿಯಲ್ಲಿದ್ದಾನೆ, ಮೂರು ಮಕ್ಕಳಂತೆ. ನಾನು ಊರವರಿಗೆಲ್ಲ ನೇಟಾ ಅಕ್ಕ.

ಪತ್ರವನ್ನು ಅಮ್ಮನ ಮುಂದೆ ಇಟ್ಟು ಬಂದೆ. ಬಾ, ಸಭೆಯ ಮುಂದೆ ನಿಲ್ಲು, ಅಪ್ಪನ ಹೆಸರು ಓದಿಸು. ಅದನ್ನು ತಡೆಯುವುದಿಲ್ಲ. ನಾನು ಮಾತ್ರ ಇಲ್ಲಿರುವುದಿಲ್ಲ. ಫ್ರುಂಜೆಗೆ, ಲೀಸೆ ಚಿಕ್ಕಮ್ಮನ ಮನೆಗೆ ಹೋಗುತ್ತಿದ್ದೇನೆ. ಹತ್ತೊಂಬತ್ತಕ್ಕೆ ಹೊರಡುತ್ತೇನೆ. ಅದಕ್ಕಿಂತ ಮೊದಲು ಬರಬೇಡ.

ಅಗಾನೆಟಾ


ತಾಶ್-ಅರಿಕ್
೮ ಡಿಸೆಂಬರ್

ಮಗನೇ ಕೊರ್ನಿ,

ಕಣ್ಣು ಕಾಣುವುದಿಲ್ಲ, ಅಕ್ಷರ ದಪ್ಪ. ನೇಟಾ ಅಳುವುದಿಲ್ಲ, ಅದೇ ಹೆದರಿಕೆ. ನೀನು ಬಾ. ದಪ್ಪ ಕೋಟು ಹಾಕಿಕೊ, ಇಲ್ಲಿ ಹಿಮ ಬಿದ್ದಿದೆ. ಮೆಣಸಿನ ಬಿಸ್ಕತ್ತಿಗೆ ಹಿಟ್ಟು ಕಲಸಿ ಇಟ್ಟಿದ್ದೇನೆ.

ಅಮ್ಮ


ತಾಶ್-ಅರಿಕ್
೨೭ ಡಿಸೆಂಬರ್ ೧೯೮೮

ಅಕ್ಕ,

ಓದುತ್ತೀಯೋ ಒಲೆಗೆ ಹಾಕುತ್ತೀಯೋ ಗೊತ್ತಿಲ್ಲ. ನಡೆದದ್ದನ್ನು ನಿನಗೆ ಹೇಳದೆ ಇರಲಾರೆ. ಮತ್ತೆ ಸುಮ್ಮನಿದ್ದ ಹಾಗಾಗುತ್ತದೆ.

ಇಪ್ಪತ್ತೊಂದಕ್ಕೆ ಬಂದೆ. ಬಾಗಿಲು ತೆಗೆದ ಅಮ್ಮ ಮೊದಲು ನನ್ನ ಬಲಗೈ ಹಿಡಿದು ಅಂಗೈ ಮೇಲೆ ಮಾಡಿ ನೋಡಿದರು. ಆ ಕಲೆ ಈಗ ಕಾಣುವುದೇ ಇಲ್ಲ. ಅವರಿಗೆ ಜಾಗ ಗೊತ್ತಿತ್ತು, ಹೆಬ್ಬೆರಳಿನಿಂದ ಅಲ್ಲೇ ಒತ್ತಿದರು.

"ನಿಂಗೆ ಗೊತ್ತಿತ್ತಾ ಅಮ್ಮಾ?" ಅಂದೆ.

"ಜೇನುಹುಳ ಒಳಗೆ ಬಂದ್ರೆ ಲೋಟ ಮುಚ್ಚಿ ಹೊರಗೆ ಬಿಟ್ಟು ಬರ್ತಿದ್ದ ಮನುಷ್ಯ ಕಣೋ ನಿಮ್ಮಪ್ಪ. ಅವನು ಸಲಾಕೆ ಎತ್ತಿದ ಅಂದ್ರೆ ನಾನು ನಂಬ್ತೀನಾ? ಬೆಳಿಗ್ಗೆ ನಿನ್ ಕೈ ನೋಡ್ದೆ."

"ಮತ್ತೆ ಯಾಕೆ ಹೇಳಲಿಲ್ಲ?"

"ಶಿಬಿರಕ್ಕೆ ನೋಡೋಕೆ ಹೋದಾಗ ಮಾತು ತಗೊಂಡ. 'ಹುಡುಗ ತಾನಾಗೇ ಹೇಳ್ಬೇಕು ಟೀನಾ, ನಾವು ಹೇಳ್ಸಿದ್ರೆ ಅದು ಶಿಕ್ಷೆ ಆಗೋಗುತ್ತೆ' ಅಂದ. ಈ ವರ್ಷ ಹೇಳ್ತೀಯ, ಮುಂದಿನ್ ವರ್ಷ ಹೇಳ್ತೀಯ ಅಂತ ಕಾದೆ. ಎಸೆನ್‌ಬೆಕ್‌ನ ಮೇಲಿನ ಸಿಟ್ಟು ಆ ಚಳಿಗಾಲದ ಹಿಮ ಕರಗೋಷ್ಟರಲ್ಲಿ ಹೋಗಿತ್ತು. ಹೋಗದೆ ಇದ್ದಿದ್ದು ನಿನ್ ಮೇಲಿಂದು. ಹಿರಿಯರು ಬಂದು ಕೇಳ್ದಾಗೆಲ್ಲ ಇಲ್ಲ ಅಂದಿದ್ದು ಅದಕ್ಕೆ."

ಅಕ್ಕ, ಹದಿನೇಳು ವರ್ಷ ಅಮ್ಮನನ್ನು ರೊಟ್ಟಿಯಿಂದ ದೂರ ಇಟ್ಟ ವೈರಿ ನಾನು. ಇದನ್ನು ಓದುವಾಗ ನಿನಗೆ ಅಮ್ಮನ ಮೇಲೂ ಕೋಪ ಬರುತ್ತದೆ ಅಂತ ಗೊತ್ತು. ಅಮ್ಮನಿಗೂ ಗೊತ್ತು. "ಬರೀ, ಅವಳಿಂದ ಇನ್ನೇನನ್ನೂ ಮುಚ್ಚಿಡೋದು ಬೇಡ" ಅಂದರು.

ಮರುದಿನ ಐಸಾಕ್ ಹಿರಿಯರು ಬಂದು ಅದೇ ಪ್ರಶ್ನೆ ಕೇಳಿದರು. ಅಮ್ಮ "ಹೌದು" ಅಂದರು. ಹಿರಿಯರಿಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಅಂತ ಇನ್ನೊಮ್ಮೆ ಅಂದರು. ನನ್ನ ಕಡೆ ತಿರುಗಿದಾಗ ನಾನು "ಇಲ್ಲ" ಅಂದೆ, ಕೂರಿಸಿ ಎಲ್ಲ ಹೇಳಿದೆ.

ಇಪ್ಪತ್ನಾಲ್ಕರ ಮಧ್ಯಾಹ್ನ ಎಸೆನ್‌ಬೆಕ್ ಬಂದ. ಒಂದು ಕೈಯಲ್ಲಿ ಕುರಿಯ ಮಾಂಸದ ಗಂಟು, ಇನ್ನೊಂದರಲ್ಲಿ ಕೋಲು. ನನ್ನನ್ನು ನೋಡಿ ತಲೆ ಆಡಿಸಿದ. ಅಮ್ಮ ಅವನ ಮುಂದೆ ತಟ್ಟೆ ಇಟ್ಟು ಬಿಸ್ಕತ್ತು ಸುರಿದರು. ಅವನು ಒಂದನ್ನು ಎತ್ತಿ ಮೇಜಿಗೆ ಕುಟ್ಟಿದ.

"ಇನ್ನೂ ಗುಂಡಿನ ಹಂಗೇ ಇದಾವಲ್ಲಕ್ಕಾ! ಆವತ್ತು ಒಂದ್ ಮುಷ್ಟಿ ಜೇಬಿಗೆ ಹಾಕ್ಕೊಂಡಿದ್ದೆ, ಸಾಕ್ಷಿ ಅಂತ. ಜಿಲ್ಲಾ ಕಚೇರಿ ಮುಟ್ಟೋ ಅಷ್ಟ್ರಲ್ಲಿ ನಾನೂ ಅಬ್ರಾಮನೂ ಸಾಕ್ಷಿ ತಿಂದು ಮುಗಿಸಿದ್ವಿ." ಅಮ್ಮ ನಕ್ಕರು. ಅಪ್ಪನ ಹೆಸರು ಬಂದಾಗ ಅಮ್ಮ ನಗುವುದನ್ನು ನಾನು ಕಂಡದ್ದು ಎಷ್ಟು ವರ್ಷದ ಮೇಲೋ.

ನಾನು ಎದ್ದು ಅವನ ಪಕ್ಕಕ್ಕೆ ಹೋಗಿ ಮೊಣಕಾಲೂರಿದೆ. ರೈಲಿನಲ್ಲಿ ಎರಡು ದಿನ ಕಟ್ಟಿಕೊಂಡು ಬಂದ ಮಾತು. ಹೊಡೆದೆ ಅಂದೆ, ಕೊಲ್ಲಬೇಕು ಅಂತಲೇ ಹೊಡೆದೆ ಅಂದೆ, ಇಷ್ಟು ವರ್ಷ ನಿನ್ನನ್ನು ದ್ವೇಷಿಸಿ ನನ್ನ ತಪ್ಪನ್ನು ನಿನ್ನ ಮೇಲೆ ಹೊರಿಸಿದೆ ಅಂದೆ. ಅಳುತ್ತಿದ್ದೆ, ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ಅವನು ಅಲುಗಾಡದೆ ಕೂತಿದ್ದ.

ಆಮೇಲೆ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಕುರ್ಚಿಯನ್ನು ಎಳೆದು ಇಡೀ ಮೈಯನ್ನೇ ತಿರುಗಿಸಿ ಇನ್ನೊಂದು ಕಿವಿಯನ್ನು ನನ್ನ ಕಡೆ ಮಾಡಿದ.

"ಈ ಕಡೆ ಹೇಳು ಹುಡುಗಾ. ಆ ಕಡೇದನ್ನ ನೀನೇ ಮುಚ್ಚಿಬಿಟ್ಟಿದೀಯ."

ಯಾವ ಕಿವಿಗೆ ಹೊಡೆದೆ ಅನ್ನುವುದೂ ನನಗೆ ನೆನಪಿರಲಿಲ್ಲ, ಅಕ್ಕ. ಮೊದಲಿಂದ ಎಲ್ಲವನ್ನೂ ಮತ್ತೆ ಹೇಳಿದೆ. ಎರಡನೆಯ ಸಲ ಹೇಳುವಾಗ ಅಳು ಬರಲಿಲ್ಲ, ಮಾತುಗಳೂ ಕಡಿಮೆಯಾದವು. ಹೊಡೆದೆ, ಸುಮ್ಮನಿದ್ದೆ, ತಪ್ಪಾಯಿತು ಅಂದೆ.

"ನಂಗೆ ಗೊತ್ತಿತ್ತು" ಅಂದ ಅವನು. "ದೀಪ ಬೀಳೋಕೆ ಮುಂಚೆ ನಿನ್ ಮುಖ ನೋಡಿದ್ದೆ. ದಾರಿಯುದ್ದಕ್ಕೂ ನಿಮ್ಮಪ್ಪ ತನ್ ಮಫ್ಲರ್ ನನ್ ಕಿವಿಗೆ ಒತ್ತಿ ಹಿಡ್ಕೊಂಡಿದ್ದ. 'ಹುಡುಗನ ಹೆಸರು ಬರೀಬೇಡ' ಅಂದ. ಬರೀಲಿಲ್ಲ. ದೊಡ್ಡತನ ಅಂತ ತಿಳ್ಕೋಬೇಡ. ಮೇಲಿನವರಿಗೆ ಬೇಕಾಗಿದ್ದಿದ್ದೇ ಬೋಧಕ. ನಂಗೂ ಕೆಲಸ ಸಲೀಸಾಯ್ತು. ಆಮೇಲೆ ಅವನು ಸತ್ತ ಅಂತ ಸುದ್ದಿ ಬಂತು. ಆ ಮಫ್ಲರ್ ತಂದುಕೊಡೋಕೆ ಹದಿನೇಳು ವರ್ಷ ನಂಗೂ ಧೈರ್ಯ ಬರಲಿಲ್ಲ." ಒಳಗಿನ ಜೇಬಿನಿಂದ ತೆಗೆದು ಅಮ್ಮನ ಮುಂದೆ ಇಟ್ಟ. ನೀನು ಹೆಣೆದಿದ್ದ ಬೂದು ಬಣ್ಣದ್ದು. ಒಗೆದು, ಮಡಚಿ ಇಟ್ಟುಕೊಂಡಿದ್ದ. ಅಮ್ಮ ಅದನ್ನು ಕೆನ್ನೆಗೆ ಒತ್ತಿಕೊಂಡರು. ಎಸೆನ್‌ಬೆಕ್ ತನ್ನ ತಟ್ಟೆಯಿಂದ ಅರ್ಧ ಬಿಸ್ಕತ್ತು ಎತ್ತಿ ನನ್ನ ಅಂಗೈಗೆ ಹಾಕಿದ, ತಿಂದೆ.

ಕ್ರಿಸ್ಮಸ್ ದಿನ ಸಭೆಯ ಮುಂದೆ ನಿಂತೆ. ಐಸಾಕ್ ಹಿರಿಯರು ಅಪ್ಪನ ಹೆಸರು ಓದುವಾಗ ಕಾಗದ ಹಿಡಿಯಲಾರದೆ ನೋಡದೆಯೇ ಹೇಳಿದರು. ಆಮೇಲೆ ನನ್ನ ಹೆಸರು ಓದಿದರು. ಮುಂದಿನ ಕ್ರಿಸ್ಮಸ್ ತನಕ ನಾನು ಭೋಜನಕ್ಕೆ ಸೇರಿದವನಲ್ಲ. ಸರಿಯಾಗಿಯೇ ಇದೆ. ಅಮ್ಮ ಹಿಂದಿನ ಬೆಂಚಿನಿಂದ ಎದ್ದು ಮುಂದೆ ಹೋಗಿ ರೊಟ್ಟಿ ತಗೊಂಡರು. ವಾಪಸು ಬಂದು ಮತ್ತೆ ಹಿಂದಿನ ಬೆಂಚಿನಲ್ಲೇ ಕೂತರು. ಅದೇ ಅಭ್ಯಾಸವಾಗಿದೆಯಂತೆ, ಒಲೆ ಹತ್ತಿರವಂತೆ.

ಸಂಜೆ ಅಮ್ಮ ಅಪ್ಪನ ತಟ್ಟೆ ಎತ್ತಿ, ಒರೆಸಿ, ಕಪಾಟಿನಲ್ಲಿಟ್ಟರು. ನನ್ನದು ಈಗ ನೆಟ್ಟಗಿದೆ. ಮೇಜಿನ ಮೇಲೆ ಒಂದೇ ಒಂದು ತಟ್ಟೆ ಬೋರಲು ಉಳಿದಿದೆ, ನಿನ್ನದು. ನಾನು ತಿರುಗಿಸಲು ಹೋದೆ. "ಮುಟ್ಟಬೇಡ" ಅಂದರು ಅಮ್ಮ.

ಹದಿನೈದರ ತನಕ ರಜೆ ಇದೆ. ಕ್ಷಮಿಸು ಅಂತ ಕೇಳುವುದಿಲ್ಲ. ಕಾಯುತ್ತೇನೆ.

ಕೊರ್ನಿ


ಫ್ರುಂಜೆ
೬ ಜನವರಿ ೧೯೮೯

ಕೊರ್ನಿ,

ನಿನ್ನ ಪತ್ರವನ್ನು ಒಲೆಗೆ ಹಾಕಲಿಲ್ಲ. ಮೂರು ಸಲ ಓದಿದೆ. ಆ ಕಿವಿಯ ವಿಷಯ ಬಂದಾಗ ನಗು ಬಂತು, ಮಫ್ಲರ್‌ನ ವಿಷಯಕ್ಕೆ ಬರುವಷ್ಟರಲ್ಲಿ ಅಳು ಬಂತು. ಡಿಸೆಂಬರ್ ನಾಲ್ಕರಿಂದ ಕಟ್ಟಿಕೊಂಡಿದ್ದ ಅಳು, ಲೀಸೆ ಚಿಕ್ಕಮ್ಮ ಹೆದರಿ ಪಕ್ಕದ ಮನೆಯವರನ್ನು ಕರೆದರು.

ಹಾಗಾದರೆ ಎಲ್ಲರಿಗೂ ಗೊತ್ತಿತ್ತು. ಅಪ್ಪನಿಗೆ, ಅಮ್ಮನಿಗೆ, ಪೊಲೀಸ್ ಎಸೆನ್‌ಬೆಕ್‌ಗೆ ಕೂಡ. ಎಲ್ಲರೂ ಸೇರಿ ನಿನ್ನನ್ನು ಕಾಪಾಡಿದರು. ನನ್ನನ್ನು ಕಾಪಾಡಬೇಕು ಅಂತ ಒಬ್ಬರಿಗೂ ಹೊಳೆಯಲಿಲ್ಲ. ಇದನ್ನು ಅಮ್ಮನಿಗೆ ಓದಿ ಹೇಳು, ಜೋರಾಗಿ ಓದು. ಎಸೆನ್‌ಬೆಕ್‌ನ ಮೇಲೆ ನನಗೆ ಈಗ ಏನೂ ಉಳಿದಿಲ್ಲ. ನಾನು ಊರಿಗೆ ಬಂದ ಮೇಲಿನ ಸೋಮವಾರ ಅವನು ಬಂದರೆ ನಾನೇ ಚಹಾ ಕೊಟ್ಟೇನು. ವೈರಿಯನ್ನು ಕ್ಷಮಿಸುವುದು ಇಷ್ಟು ಸುಲಭ ಅಂತ ಗೊತ್ತಿರಲಿಲ್ಲ. ಮನೆಯವರನ್ನು ಕ್ಷಮಿಸುವುದೇ ಆಗುತ್ತಿಲ್ಲ. ಹದಿನೇಳು ವರ್ಷ ಹಿರಿಯರ ಪ್ರಶ್ನೆಗೆ "ಹೌದು" ಅಂದವಳು ನಾನು. ಈ ವರ್ಷ ಊರಲ್ಲಿದ್ದಿದ್ದರೆ "ಇಲ್ಲ" ಅನ್ನಬೇಕಾಗುತ್ತಿತ್ತು.

ಹನ್ನೆರಡಕ್ಕೆ ಬಸ್ಸು ಹತ್ತುತ್ತೇನೆ. ಕೆಂಪಿ ಬೇರೆಯವರಿಗೆ ಹಾಲು ಬಿಡುವುದಿಲ್ಲ. ನೀನು ಇರುವುದಾದರೆ ಇರು. ಬಂದ ದಿನವೇ ಮಾತಾಡುತ್ತೇನೆ ಅಂತ ಹೇಳಲಾರೆ. ಅಡುಗೆಮನೆಯ ಪರದೆ ತೆಗೆದು ಒಗೆದಿಡು, ಅದನ್ನು ಮತ್ತೆ ಹಾಕುವುದಿಲ್ಲ.

ನನ್ನ ತಟ್ಟೆಯನ್ನು ಅಮ್ಮನೂ ಮುಟ್ಟುವುದು ಬೇಡ. ಎಷ್ಟು ದಿನ ಹಿಡಿಯುತ್ತದೋ ಗೊತ್ತಿಲ್ಲ. ನಾನೇ ತಿರುಗಿಸುತ್ತೇನೆ.

ನಿನ್ನ ಅಕ್ಕ,
ನೇಟಾ